ಸಗಣಿ ಅಣಬೆಯ ಬಲ ಹೆಸರಿನಲ್ಲಿಲ್ಲ

ದೂಧಗಂಗಾ, ವೇದಗಂಗಾ ನದಿಗಳು ಕೂಡುವ ಭೋಜದ ಸುತ್ತಮುತ್ತ ಕಬ್ಬು, ಎಮ್ಮೆ, ತಿಪ್ಪೆ ಮೂರಕ್ಕೂ ಕೊರತೆಯಿಲ್ಲ. ಮಳೆ ಹಿಡಿಯಿತೆಂದರೆ ಇಂಥ ಊರುಗಳಲ್ಲಿ ಹಳೆಯ ಸಗಣಿಯ ಮೇಲೆ ಬಗೆಬಗೆಯ ಅಣಬೆಗಳು ಏಳುತ್ತವೆ. ಉಷ್ಣವಲಯದಲ್ಲಿ ದನ ಮೇಯುವ ಹಲವು ದೇಶಗಳಲ್ಲಿ ಕಾಣುವ ಸೈಲೊಸೈಬಿ ಕ್ಯೂಬೆನ್ಸಿಸ್ ಎಂಬ ಮತ್ತೇರಿಸುವ ಅಣಬೆಯೂ ಸಗಣಿಯಲ್ಲೇ ಬೆಳೆಯುವಂಥದು. 1906ರಲ್ಲಿ ಎಫ್. ಎಸ್. ಅರ್ಲ್ ಕ್ಯೂಬಾದಲ್ಲಿ ಸಿಕ್ಕ ಮಾದರಿಗಳಿಂದ ಇದನ್ನು ವರ್ಣಿಸಿದರು. ಟೋಪಿ ಬೆಲ್ಲದ ಬಣ್ಣದ್ದು, ಅಂಚಿನತ್ತ ತಿಳಿಯಾಗುತ್ತದೆ. ಕಾಂಡದ ಸುತ್ತ ತೆಳ್ಳನೆಯ ಉಂಗುರವಿದ್ದು, ಟೋಪಿಯಡಿಯ ಪದರಗಳಿಂದ ಉದುರಿದ ಬೀಜಕಗಳ ಪುಡಿ ಅದರ ಮೇಲೆ ಕೂತು ಕಪ್ಪು-ನೇರಳೆಯಾಗಿ ಕಾಣುತ್ತದೆ. ಕಳ್ಳಪೇಟೆಯಲ್ಲಿ ಇದಕ್ಕೆ ‘ಗೋಲ್ಡನ್ ಟೀಚರ್’ ಮುಂತಾದ ತಳಿಹೆಸರುಗಳಿವೆ. ಒಂದೊಂದು ಹೆಸರಿಗೂ ಇಷ್ಟು ಬಲ ಎಂಬ ವರ್ಣನೆ ಬೇರೆ. ಹೆಸರು ನೋಡಿ ಬಲ ಅಳೆಯಬಹುದೆಂಬ ಈ ನಂಬಿಕೆ ತಪ್ಪು, ಅಪಾಯಕಾರಿಯೂ ಹೌದು.

ಅಣಬೆಯಲ್ಲಿರುವ ಸೈಲೊಸೈಬಿನ್ ಎಂಬ ರಾಸಾಯನಿಕವನ್ನು 1958ರಲ್ಲಿ ಆಲ್ಬರ್ಟ್ ಹಾಫ್‌ಮನ್ ಮೆಕ್ಸಿಕೋದ ಇನ್ನೊಂದು ಜಾತಿಯಿಂದ ಬೇರ್ಪಡಿಸಿದರು. ದೇಹದೊಳಗೆ ಅದರ ಫಾಸ್ಫೇಟ್ ಕಳಚಿ ಸೈಲೊಸಿನ್ ಆಗುತ್ತದೆ. ಇದು ಮಿದುಳಿನಲ್ಲಿ ಸೆರೊಟೋನಿನ್‌ನ ಗ್ರಾಹಕಗಳಿಗೆ ಅಂಟಿಕೊಂಡು, ಕಾಣುವ, ಕೇಳುವ, ಕಾಲವನ್ನು ಅರಿಯುವ ರೀತಿಯನ್ನೇ ಬದಲಿಸುತ್ತದೆ. ಹಾಗಾದರೆ ಒಂದು ಅಣಬೆಯಲ್ಲಿ ಇದು ಎಷ್ಟಿರುತ್ತದೆ? 1982ರಲ್ಲಿ ಬಿಗ್‌ವುಡ್ ಮತ್ತು ಬ್ಯೂಗ್ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟುನಿಟ್ಟಾದ ಪ್ರಯೋಗಾಲಯದಲ್ಲಿ ಬೆಳೆದ ಕ್ಯೂಬೆನ್ಸಿಸ್ ಕೃಷಿಗಳ ನಡುವೆಯೇ ನಾಲ್ಕು ಪಟ್ಟು ವ್ಯತ್ಯಾಸ ಕಂಡಿತು. ಹೊರಗಿನಿಂದ ತಂದ ಮಾದರಿಗಳಲ್ಲಿ ಅದು ಹತ್ತು ಪಟ್ಟಾಯಿತು. ನಾಲ್ಕು ಪಟ್ಟು ಅಂತರವೇ ತಳಿಯಿಂದ ತಳಿಗೆ ಬಲ ಬೇರೆ ಎಂಬುದಕ್ಕೆ ಸಾಕ್ಷಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. ಆದರೆ ಅದೇ ಅಧ್ಯಯನದಲ್ಲಿ ಒಂದೇ ಕೃಷಿಯ ಒಂದು ಕೊಯ್ಲಿಗೂ ಮುಂದಿನ ಕೊಯ್ಲಿಗೂ ಅಳತೆ ಏರುಪೇರಾಗಿದೆ. ಕಬ್ಬು ಬೆಳೆಯುವವರಿಗೆ ಇದು ಬೇಗ ಅರ್ಥವಾದೀತು. ಕೊ 86032 ಎಂಬ ಕಬ್ಬಿನ ತಳಿಯ ತುಂಡು ನೆಟ್ಟರೆ ತಾಯಿಕಬ್ಬಿನ ಗುಣವೇ ಬರುತ್ತದೆ. ಆದರೂ ಕಾರ್ಖಾನೆ ತಳಿಯ ಹೆಸರನ್ನು ನಂಬಿ ಕೂರದೆ ರಸ ತೆಗೆದು ಪರೀಕ್ಷಿಸುತ್ತದೆ. ಅಣಬೆಯ ಬೀಜಕಗಳಲ್ಲಿ ವಂಶವಾಹಿಗಳು ಕಲಸಿಕೊಂಡಿರುತ್ತವೆ, ಒಂದರಂತೆ ಇನ್ನೊಂದಿಲ್ಲ. ಹೀಗಿರುವಾಗ ಪೊಟ್ಟಣದ ಮೇಲಿನ ಹೆಸರಿಗೆ ಯಾವ ಬೆಲೆ?

ಹೆಸರು ಬೇಡ, ಚಿವುಟಿದರೆ ನೀಲಿಯಾಗುತ್ತದಲ್ಲ, ಅದನ್ನು ನಂಬೋಣ ಎನ್ನುವವರೂ ಇದ್ದಾರೆ. ಕಾಂಡಕ್ಕೆ ಪೆಟ್ಟಾದಾಗ ಸೈಲೊಸಿನ್ ಅಣುಗಳು ಒಂದಕ್ಕೊಂದು ಕೂಡಿ ನೀಲಿ ಬಣ್ಣ ಕಟ್ಟುತ್ತವೆಂದು ಜರ್ಮನಿಯ ಯೇನಾದ ವಿಜ್ಞಾನಿಗಳು 2019ರಲ್ಲಿ ತೋರಿಸಿಕೊಟ್ಟರು. ಅಂದರೆ ಆ ನೀಲಿ ಅಷ್ಟು ಸೈಲೊಸಿನ್ ಆಗಲೇ ಕೆಟ್ಟುಹೋದುದರ ಗುರುತು. ಉಳಿದದ್ದೆಷ್ಟು ಎಂದು ಅದು ಹೇಳುವುದಿಲ್ಲ. ಮೇಲಾಗಿ ಮತ್ತೇರಿಸದ ಎಷ್ಟೋ ಬೊಲೀಟ್ ಅಣಬೆಗಳೂ ಬೇರೆ ರಾಸಾಯನಿಕದಿಂದ ನೀಲಿಯಾಗುತ್ತವೆ. ಉಂಗುರ ನೋಡಿ ಗುರುತಿಸುತ್ತೇವೆಂದರೆ ಅದೂ ಸಾಲದು: ಹುಲ್ಲುಗಾವಲಿನಲ್ಲಿ ಏಳುವ ಹಸಿರು ಬೀಜಕದ ಅಣಬೆ ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗೆ ವಾಂತಿಭೇದಿ ತರುವ ಅಣಬೆಗಳಲ್ಲೊಂದು. ಅದಕ್ಕೂ ಕಾಂಡದಲ್ಲಿ ಉಂಗುರವಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ವೈದ್ಯರೇ ಇದನ್ನು ಖಿನ್ನತೆಗೆ ಕೊಟ್ಟು ನೋಡುತ್ತಿದ್ದಾರಲ್ಲ? ನಿಜ. 2022ರಲ್ಲಿ ಪ್ರಕಟವಾದ, 233 ರೋಗಿಗಳ ಪ್ರಯೋಗದಲ್ಲಿ 25 ಮಿಲಿಗ್ರಾಂ ಪಡೆದವರಲ್ಲಿ ಮೂರನೆಯ ವಾರಕ್ಕೆ ಖಿನ್ನತೆ 1 ಮಿಲಿಗ್ರಾಂ ಪಡೆದವರಿಗಿಂತ ಹೆಚ್ಚು ಇಳಿದಿತ್ತು. 10 ಮಿಲಿಗ್ರಾಮಿಗೆ ಅಂಥ ಸ್ಪಷ್ಟ ಫಲ ಕಾಣಲಿಲ್ಲ. ಅಲ್ಲಿ ಕೊಟ್ಟದ್ದು ಪ್ರಯೋಗಾಲಯದಲ್ಲಿ ತಯಾರಿಸಿ ತೂಗಿದ ಶುದ್ಧ ಸೈಲೊಸೈಬಿನ್, ಪಕ್ಕದಲ್ಲಿ ತರಬೇತಾದವರು ಕೂತಿದ್ದರು. ಮಿಲಿಗ್ರಾಮಿನ ಅಂತರವೇ ಫಲವನ್ನು ಬದಲಿಸುವ ಕಡೆ, ಹತ್ತು ಪಟ್ಟು ಏರುಪೇರಾಗುವ ಅಣಬೆಯನ್ನು ಔಷಧಿ ಎನ್ನಲಾಗದು. ಆ ಪ್ರಯೋಗ ಈ ವಾದವನ್ನು ಗಟ್ಟಿ ಮಾಡುತ್ತದೆಯೇ ಹೊರತು ಮುರಿಯುವುದಿಲ್ಲ. ನಮ್ಮ ನ್ಯಾಯಾಲಯಗಳ ಮುಂದೆಯೂ ಒಳಗೆಷ್ಟಿದೆ ಎಂಬ ಇದೇ ಪ್ರಶ್ನೆ ಬಂದಿದೆ. 1985ರ ಮಾದಕವಸ್ತು ಕಾಯ್ದೆಯಲ್ಲಿ ನಿಷೇಧಿತವಾಗಿರುವುದು ಸೈಲೊಸೈಬಿನ್. ಹಾಗಾದರೆ ಸಿಕ್ಕ ಅಣಬೆಯ ಪೂರ್ತಿ ತೂಕ ಲೆಕ್ಕವೋ, ಒಳಗಿನ ರಾಸಾಯನಿಕದ್ದೋ? 2025ರ ಜನವರಿಯಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಕೇರಳ ಹೈಕೋರ್ಟ್, ಅಣಬೆಯನ್ನು ಮಿಶ್ರಣವೆಂದು ಪರಿಗಣಿಸಿ ಪೂರ್ತಿ ತೂಕ ಹಿಡಿಯಲಾಗದು ಎಂದಿತು. ಒಳಗೆಷ್ಟಿದೆ ಎಂಬುದಕ್ಕೆ ಉತ್ತರ ತಕ್ಕಡಿಯಿಂದಲೂ ಸಿಗದು, ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕು.