ದೊಡ್ಡಪ್ಪನ ಕೋವಿ, ನಮ್ಮ ಕಾನೂನು ನಿಧಿ

2024ರ ಮಾರ್ಚ್ ಕೊನೆಯ ವಾರ. ಬೆಂಗಳೂರಿನ ಆಫೀಸಲ್ಲಿ ಬೆಳಗಿನ ಮೀಟಿಂಗ್ ನಡೀತಿತ್ತು. ಸೈಲೆಂಟಲ್ಲಿದ್ದ ಫೋನ್ ತೆಗೆದು ನೋಡಿದ್ರೆ ದೊಡ್ಡಮ್ಮನ ಏಳು ಮಿಸ್ಡ್ ಕಾಲ್. ಹೊರಗೆ ಬಂದು ಫೋನ್ ಮಾಡಿದೆ.

“ಮಗಾ, ಕೋವಿ ಕೊಟ್ಟು ಬತ್ತೀನಿ ಅಂತ ನಿಮ್ಮ ದೊಡ್ಡಪ್ಪ ನಿನ್ನೆ ಟೇಸನ್ನಿಗೆ ಹೋದೋರು ಇನ್ನೂ ಬಂದಿಲ್ಲ ಕಣಪ್ಪ. ಕೇಸಾಗದೆ ಅಂತಾವ್ರೆ.”

ದೊಡ್ಡಪ್ಪನದು ಅರಕಲಗೂಡು ತಾಲ್ಲೂಕಿನ ಒಂದು ಸಣ್ಣ ಊರು. ಎರಡೂವರೆ ಎಕರೆ. ಹೊಗೆಸೊಪ್ಪು, ಮುಸುಕಿನ ಜೋಳ, ಒಂದಿಷ್ಟು ಶುಂಠಿ. ಅವರ ಹತ್ರ ಇದ್ದದ್ದು ತಾತನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸು. ಜೋಳ ಹಾಲುಗಟ್ಟುವಾಗ ಹಂದಿ ನುಗ್ಗಿದ್ರೆ ರಾತ್ರಿ ಗುಡಿಸಲಿಂದ ಗಾಳಿಗೆ ಒಂದು ಈಡು, ಅಷ್ಟೇ ಅದರ ಕೆಲಸ. ಲೋಕಸಭೆ ಚುನಾವಣೆ ಬಂದಿತ್ತು, ಕೋವಿ ಠೇವಣಿ ಇಡಬೇಕು ಅಂತ ಹೇಳಿಕಳಿಸಿದ್ರು. ದೊಡ್ಡಪ್ಪ ತಾವೇ ಕೋವಿಗೆ ಗೋಣಿಚೀಲ ಸುತ್ತಿ ಬಸ್ಸು ಹತ್ತಿ ಹೋದ್ರು. ಅಲ್ಲಿ ಲೈಸೆನ್ಸ್ ಪುಸ್ತಕ ತೆರೆದು ನೋಡಿದ್ರೆ ಅವಧಿ ಮುಗಿದು ಏಳು ತಿಂಗಳಾಗಿತ್ತು.

ತಪ್ಪು ನಮ್ಮದೇ, ಅದನ್ನ ಮೊದಲೇ ಹೇಳಿಬಿಡ್ತೀನಿ. 2019ರ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಯಾರೋ ಹೇಳಿದ್ದನ್ನ ಕೇಳಿ ದೊಡ್ಡಪ್ಪ ಲೆಕ್ಕ ತಪ್ಪಿದ್ರು. ಅದೇ ತಿದ್ದುಪಡಿ ಇನ್ನೊಂದು ಕೆಲಸಾನೂ ಮಾಡಿತ್ತು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡ್ರೆ 1959ರ ಆಯುಧ ಕಾಯ್ದೆಯ 25ನೇ ಕಲಂನಲ್ಲಿ ಮೊದಲು ಇದ್ದ 1ರಿಂದ 3 ವರ್ಷದ ಶಿಕ್ಷೆ ಈಗ 2ರಿಂದ 5 ವರ್ಷ. ಅವಧಿ ಮುಗಿದ ಲೈಸೆನ್ಸು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ.

ನಾಲ್ಕು ರಾತ್ರಿ ದೊಡ್ಡಪ್ಪ ಜೈಲಲ್ಲಿದ್ರು. ಜಾಮೀನು, ವಕೀಲರು, ಓಡಾಟ ಎಲ್ಲ ಸೇರಿ 35,000 ಆಯ್ತು. ನಾನು ಕೊಡ್ತೀನಿ ಅಂದ್ರೂ ಕೇಳದೆ ದೊಡ್ಡಮ್ಮ ಕರೆಯೋ ಹಸು ಮಾರಿದ್ರು. ಹೊರಗೆ ಬಂದ ದೊಡ್ಡಪ್ಪ ಒಂದು ವಾರ ಮನೆಯಿಂದ ಆಚೆ ಕಾಲಿಡಲಿಲ್ಲ. ಅರವತ್ತೆಂಟು ವರ್ಷದಲ್ಲಿ ಒಂದು ಸಲವೂ ಠಾಣೆ ಮೆಟ್ಟಿಲು ಹತ್ತದ ಮನುಷ್ಯ, ಹತ್ತಿದ್ದು ಕಾನೂನು ಪಾಲಿಸೋಕೆ.

ಆಮೇಲೆ ನಾನು ಓದೋಕೆ ಕೂತೆ. ಕೋಡಲ್ಲಿ ಬಗ್ ಹುಡುಕೋ ಅಭ್ಯಾಸ ಇದ್ದವನಿಗೆ ಕಾಯ್ದೆ ಓದೋದು ಅಷ್ಟೇನೂ ಕಷ್ಟ ಅಲ್ಲ, ಬೇಜಾರು ಮಾತ್ರ ಜಾಸ್ತಿ. ಓದ್ತಾ ಓದ್ತಾ ಹೊಟ್ಟೆ ಉರೀತು. 7 ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಅಗತ್ಯ ಇಲ್ಲದಿದ್ರೆ ನೋಟಿಸ್ ಕೊಟ್ಟು ಕರೆಸಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಲೈಸೆನ್ಸ್ ಇಲ್ಲದ ಬಂದೂಕಿನ ಕೇಸು ನಡೆಸೋಕೆ ಜಿಲ್ಲಾ ದಂಡಾಧಿಕಾರಿಗಳ ಪೂರ್ವಾನುಮತಿ ಬೇಕು ಅಂತ ಆಯುಧ ಕಾಯ್ದೆಯ 39ನೇ ಕಲಂ ಹೇಳುತ್ತೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರೋ ಯಾರಿಗೇ ಆಗಲಿ ಉಚಿತ ವಕೀಲರ ನೆರವು ಸಿಗಬೇಕು, ಹೆಂಗಸರಿಗೂ ಪರಿಶಿಷ್ಟರಿಗೂ ಆದಾಯದ ಮಿತಿ ಕೂಡ ಇಲ್ಲ. 15100ಕ್ಕೆ ಫೋನ್ ಮಾಡಿದ್ರೆ ಸಾಕಿತ್ತು. ಇದರಲ್ಲಿ ಒಂದೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದ ನನಗೂ ಸೇರಿ.

ಠೇವಣಿ ವಿಷಯವೂ ಹಾಗೇ. ಚುನಾವಣೆ ಬಂತು ಅಂತ ಎಲ್ಲರ ಕೋವೀನೂ ಒಟ್ಟಿಗೆ ತಗೊಳ್ಳೋದಲ್ಲ, ಜಿಲ್ಲೆಗೊಂದು ಪರಿಶೀಲನಾ ಸಮಿತಿ ಕೂತು ಯಾರದ್ದು ಬೇಕು, ಯಾರದ್ದು ಬೇಡ ಅಂತ ನೋಡಬೇಕು ಅನ್ನೋದು ಚುನಾವಣಾ ಆಯೋಗದ್ದೇ ಸೂಚನೆ. ನಾವು ಮಾತ್ರ ಅಕ್ಕಿ ಗಿರಣಿಗೆ ಹೋದ ಹಾಗೆ ಸಾಲಲ್ಲಿ ನಿಂತು ಕೊಟ್ಟು ಬರ್ತೀವಿ, ರಸೀದಿ ಕೇಳೋಕೂ ಸಂಕೋಚ.

ಆ ವರ್ಷದ ದಸರಾ ರಜೆಯಲ್ಲಿ ಹೊಳೆನರಸೀಪುರದ ಅತ್ತೆ ಮನೇಲಿ ಸಭೆ ಸೇರಿಸಿದೆ. ಅರಕಲಗೂಡಿನವರಿಗೂ ಚನ್ನರಾಯಪಟ್ಟಣದವರಿಗೂ ಅದೇ ನಡುವಿನ ಊರು. ನೆಂಟರು, ನೆಂಟರ ನೆಂಟರು, ಕೋವಿ ಲೈಸೆನ್ಸ್ ಇರೋ ಪರಿಚಯದವರು ಸೇರಿ 23 ಮನೆ. ಮನೆಗೆ ಒಂದು ಸಲ 1,000, ಆಮೇಲೆ ತಿಂಗಳಿಗೆ 100. ಯಾರ ಮೇಲಾದ್ರೂ ಲೈಸೆನ್ಸ್ ಕೋವಿಯ ಸಂಬಂಧ ಕೇಸಾದ್ರೆ ಮೊದಲ ದಿನವೇ ವಕೀಲರು ಠಾಣೆಗೆ ಹೋಗಬೇಕು, ದುಡ್ಡು ನಿಧಿಯಿಂದ. ಎಲ್ಲರೂ ತಲೆ ಆಡಿಸಿದ್ರು. ಒಬ್ಬರು ಮಾತ್ರ “ಚೀಟಿ ಎತ್ತೋದು ಯಾವಾಗ?” ಅಂದ್ರು.

ಅಲ್ಲಿನ ಕೋರ್ಟಿನ ವಕೀಲರೊಬ್ಬರು ನಮ್ಮ ನಿಯಮಾವಳಿ ಓದಿ ಎರಡು ಕಡೆ ಕೆಂಪು ಗೆರೆ ಎಳೆದ್ರು. ನಾನು ‘ವಿಮೆ’ ಅಂತ ಬರೆದಿದ್ದೆ. ವಿಮೆ ಅಂದ್ರೆ ವಿಮಾ ನಿಯಂತ್ರಣ ಪ್ರಾಧಿಕಾರದ ನೋಂದಣಿ ಬೇಕು, ಆ ಪದ ತೆಗೀರಿ ಅಂದ್ರು. ‘ಬಡ್ಡಿ ಸಮೇತ ವಾಪಸ್’ ಅಂತಾನೂ ಬರೆದಿದ್ದೆ, ಅದೂ ಹೋಯ್ತು. ಬೇರೆಯವರ ಕೇಸಿಗೆ ದುಡ್ಡು ಕೊಡೋದು ತಪ್ಪಲ್ವಾ ಸಾರ್ ಅಂದಾಗ ನಕ್ಕರು. ವಕೀಲರು ಕಕ್ಷಿದಾರರ ಕೇಸಿಗೆ ಬಂಡವಾಳ ಹಾಕೋ ಹಾಗಿಲ್ಲ, ಮೂರನೆಯವರು ಸಹಾಯ ಮಾಡೋದಕ್ಕೆ ನಮ್ಮ ದೇಶದಲ್ಲಿ ಅಡ್ಡಿ ಇಲ್ಲವಂತೆ.

ಈ ಥರದ ನಿಧಿ ಅಮೆರಿಕದಲ್ಲಿ ಹಳೇದು. ಅಲ್ಲಿನ ರೈಫಲ್ ಸಂಘದವರದ್ದು 1978ರಿಂದ ಇದೆ. ಅದನ್ನ ನೋಡೇ ನನಗೂ ಯೋಚನೆ ಬಂದಿದ್ದು. ಆದರೆ ಅಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು, ನಮಗೆ ಸರ್ಕಾರ ಕೊಟ್ಟ ಅನುಮತಿ. ಅರಕಲಗೂಡಿಂದ ಗಡಿ ದಾಟಿ ಕೊಡ್ಲಿಪೇಟೆಗೆ ಹೋದ್ರೆ ಲೆಕ್ಕ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿದಿದೆ. ನಮಗೆ ಆ ಸವಲತ್ತಿಲ್ಲ. ಹಾಗಾಗಿ ಅಮೆರಿಕದ ಮಾದರಿ ನಕಲು ಮಾಡೋಕೆ ಹೋಗಲಿಲ್ಲ. ಇನ್ನೂ ಒಂದು ಕಾರಣ ಇತ್ತು. ಅಲ್ಲೇ ನ್ಯೂಯಾರ್ಕಿನ ನಿಯಂತ್ರಕರು 2018ರಲ್ಲಿ ಬಂದೂಕು ಮಾಲೀಕರ ವಿಮೆಯೊಂದಕ್ಕೆ ತಡೆ ಹಾಕಿ ಕಂಪನಿಗಳಿಗೆ ದಂಡ ವಿಧಿಸಿದ್ರು, ಬೇಕಂತಲೇ ಮಾಡಿದ ತಪ್ಪಿಗೂ ಅದು ರಕ್ಷಣೆ ಕೊಡುತ್ತೆ ಅನ್ನೋದು ಅವರ ಆಕ್ಷೇಪಗಳಲ್ಲಿ ಒಂದು.

ನಮ್ಮ ಜಗಳವೂ ಅಲ್ಲೇ ಶುರುವಾಯ್ತು. ಯಾರಿಗೆ ಕೊಡಬಾರದು?

ಚನ್ನರಾಯಪಟ್ಟಣದ ಚಿಕ್ಕಪ್ಪ ಎದ್ದು ನಿಂತ್ರು. ಅವರದು ತೆಂಗಿನ ತೋಟ. “ಅಲ್ಲ ಕಣೋ, ರಾತ್ರಿ ನನ್ನ ತೋಟಕ್ಕೆ ನುಗ್ಗಿ ಕಾಯಿ ಕೀಳೋನಿಗೆ ಹೊಡೆದ್ರೆ ಕೇಸಾಗಲ್ವಾ? ಅದಕ್ಕೆ ದುಡ್ಡು ಕೊಡದಿದ್ರೆ ಇನ್ಯಾತಕ್ಕೆ ಈ ನಿಧಿ?” ಮೊಬೈಲಲ್ಲಿ ಭಾರತೀಯ ನ್ಯಾಯ ಸಂಹಿತೆ ತೆಗೆದು ಓದಿದೆ. ಆಸ್ತಿ ಉಳಿಸಿಕೊಳ್ಳೋಕೆ ಪ್ರಾಣ ತೆಗೆಯೋವರೆಗೂ ಹೋಗಬಹುದಾದ ಸಂದರ್ಭ ಬೆರಳೆಣಿಕೆಯಷ್ಟು: ದರೋಡೆ, ರಾತ್ರಿ ಮನೆ ಒಡೆಯೋದು, ವಾಸದ ಮನೆಗೆ ಬೆಂಕಿ, ಇಲ್ಲಾಂದ್ರೆ ಜೀವಕ್ಕೋ ಕೈಕಾಲಿಗೋ ಅಪಾಯ ಅನ್ನೋ ನಿಜವಾದ ಭಯ. ಕಾಯಿ ಕದ್ದು ಓಡೋನ ಬೆನ್ನಿಗೆ ಹೊಡೆದ್ರೆ ಅದು ಇದರೊಳಗೆ ಬರಲ್ಲ. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಇದನ್ನ ಮುಂಚೆ ಯಾರೂ ಹೇಳಿರಲಿಲ್ಲ ಬುಡು” ಅಂದ್ರು. ನಿಧಿಯಿಂದ ಅವತ್ತೇ ಒಂದು ಲಾಭ ಆಯ್ತು ಅನ್ನಿಸಿತು ನನಗೆ.

ಕೊನೆಗೆ ಬರೆದದ್ದು ಇಷ್ಟು. ಮದುವೆ, ಜಾತ್ರೆಯಲ್ಲಿ ಖುಷಿಗೆ ಗುಂಡು ಹಾರಿಸಿದವರಿಗೆ ಇಲ್ಲ. ಕುಡಿದು ತೋರಿಸಿ ಹೆದರಿಸಿದವರಿಗೆ ಇಲ್ಲ. ಬೇರೆಯವರ ಕೈಗೆ ಕೋವಿ ಕೊಟ್ಟವರಿಗೆ ಇಲ್ಲ. ಶಿಕಾರಿಗೆ ಇಲ್ಲ.

ಈ ಕೊನೇ ಸಾಲಿಗೆ ಅವತ್ತು ಯಾರೂ ತಕರಾರು ತೆಗೆದಿರಲಿಲ್ಲ. ನಾಲ್ಕೇ ತಿಂಗಳಿಗೆ ನನ್ನ ಸೋದರಮಾವನ ಮಗನ ಮನೇಲಿ ಹಂದಿ ಮಾಂಸ ಸಿಕ್ಕಿ ಅರಣ್ಯ ಇಲಾಖೆ ಕೇಸಾಯ್ತು. ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂತ ಹಂದಿ ಹೊಡೆಯೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದಕ್ಕೆ ಬೇರೆಯೇ ಅನುಮತಿ ಬೇಕು. ಮಾವ ಬೆಂಗಳೂರಿಗೇ ಬಂದು ಕೂತ್ರು. “ಬಾಡು ನಿಮ್ಮಪ್ಪ ತಿಂದಿಲ್ವಾ? ನೀನು ತಿಂದಿಲ್ವಾ?” ಅಂದ್ರು. ತಿಂದಿದ್ದೀನಿ, ಚಿಕ್ಕವನಿದ್ದಾಗ, ಅವರ ಮನೇಲೇ. ಏನಂತ ಉತ್ತರ ಕೊಡಲಿ?

ಐದು ಜನರ ಸಮಿತಿ ಕೂತು ಓಟು ಹಾಕಿದ್ವಿ. ಮೂರು ಜನ ಕೊಡಬಾರದು ಅಂದ್ರು, ಅದರಲ್ಲಿ ನಾನೂ ಒಬ್ಬ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಟ್ಟೆ, ಜೊತೆಗೆ ಹೋಗಿ ಕೂತೆ, ನಿಧಿಯಿಂದ ಒಂದು ರೂಪಾಯಿ ಕೊಡಲಿಲ್ಲ. ಮಾವ ಯುಗಾದಿಗೆ ಕರೆಯಲಿಲ್ಲ. ಅವ್ವ ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ. ಅವತ್ತು ಕೊಟ್ಟಿದ್ರೆ ದೊಡ್ಡಪ್ಪನಂಥೋರಿಗೆ ಉಳೀತಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ತೀನಿ, ಕೆಲವು ರಾತ್ರಿ ಅದು ಸಾಲಲ್ಲ.

14 ತಿಂಗಳಲ್ಲಿ ಬಂದದ್ದು 55,200. ಖರ್ಚು 18,500. ಕೋರ್ಟಿಗೆ ಹೋದದ್ದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ನೋಟರಿ, ಅಫಿಡವಿಟ್ಟು, ಹಾಸನದ ಡಿಸಿ ಕಚೇರಿಗೆ ಓಡಾಟ. ಚನ್ನರಾಯಪಟ್ಟಣ ಕಡೆ ಒಬ್ಬ ಅಕ್ಕನ ಯಜಮಾನರು ತೀರಿಕೊಂಡು ಎಂಟು ತಿಂಗಳಾದ್ರೂ ಕೋವಿ ಅಟ್ಟದ ಮೇಲೇ ಇತ್ತು. ಅದು ಅಪರಾಧ ಆಗಬಹುದು ಅಂತ ಆಕೆಗೆ ಗೊತ್ತೇ ಇಲ್ಲ. ವಕೀಲರ ಪತ್ರದ ಜೊತೆ ಠಾಣೆಯಲ್ಲಿ ಠೇವಣಿ ಇಡಿಸಿ, ಮಗನ ಹೆಸರಿಗೆ ವಾರಸುದಾರರ ಅರ್ಜಿ ಹಾಕಿಸಿದ್ವಿ. ನಿಮ್ಮ ಮನೇಲೂ ವಯಸ್ಸಾದವರ ಹೆಸರಲ್ಲಿ ಕೋವಿ ಇದ್ರೆ ನೋಡಿಕೊಳ್ಳಿ: 70 ದಾಟಿದ್ರೆ, ಅಥವಾ ಕೋವಿ 25 ವರ್ಷ ಅವರ ಕೈಲಿದ್ರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ನವೀಕರಣಕ್ಕೆ ಅವಧಿ ಮುಗಿಯೋ 60 ದಿನ ಮುಂಚೆ ಅರ್ಜಿ ಹಾಕಬೇಕು. ನಾನೊಂದು ಶೀಟ್ ಮಾಡಿ 23 ಮನೆಯ ತಾರೀಕೂ ತುಂಬಿಸಿದ್ದೀನಿ, 90 ದಿನ ಇರುವಾಗ ಮನೆಯ ಹುಡುಗರ ಫೋನಿಗೆ ಮೆಸೇಜ್ ಹೋಗುತ್ತೆ. ಅದಕ್ಕೆ ಬರೆದ ಕೋಡು ಮೂವತ್ತು ಸಾಲೂ ಇಲ್ಲ. ಐದಾರು ವರ್ಷ ಮುಂಚೆ ಬರೆದಿದ್ರೆ ಆ ಹಸು ಕೊಟ್ಟಿಗೆಯಲ್ಲೇ ಇರ್ತಿತ್ತು.

ದೊಡ್ಡಪ್ಪನ ಕೇಸು ಇನ್ನೂ ನಡೀತಿದೆ. ಕೋವಿ ಮುದ್ದೆಮಾಲು ಆಗಿ ಕೋರ್ಟಿನ ಸುಪರ್ದಿಯಲ್ಲಿದೆ. ಈ ಸಲ ಜೋಳಕ್ಕೆ ಹಂದಿ ಬಂದಾಗ ತಗಡಿನ ಡಬ್ಬ ಬಡೀತಾ, ಟಾರ್ಚು ಬಿಡ್ತಾ ಕೂತಿದ್ರಂತೆ. ಅರ್ಧ ಬೆಳೆ ಹೋಯ್ತು. ಮುಂದಿನ ವಾಯಿದೆ ಬರೋ ತಿಂಗಳು 11ಕ್ಕೆ. ರಜೆ ಹಾಕಿದ್ದೀನಿ.