ಬಿಗಿತದ ಹಿಂದಿನ ಕಿಣ್ವ

ರಕ್ತನಾಳ ಬಿಗಿಯುವುದು ಕ್ಯಾಲ್ಸಿಯಂನಿಂದ ಎಂಬುದು ರೂಢಿಯ ಮಾತು. ಅದು ಅರ್ಧಸತ್ಯ. ಕ್ಯಾಲ್ಸಿಯಂ ಏರಿದಾಗ ಒಂದು ಕಿಣ್ವವು ಮಯೋಸಿನ್ ಪ್ರೋಟೀನಿಗೆ ಫಾಸ್ಫೇಟ್ ಜೋಡಿಸಿ ನಾಳದ ಸ್ನಾಯುವನ್ನು ಸಂಕುಚಿಸುತ್ತದೆ. ಇನ್ನೊಂದು ಅದನ್ನು ಕಳಚಿ ಸಡಿಲಿಸುತ್ತದೆ. ರೋ ಕೈನೇಸ್ ಎಂಬ ಮೂರನೆಯ ಕಿಣ್ವವು ಈ ಸಡಿಲಿಸುವ ಕಿಣ್ವದ ಕೈ ಕಟ್ಟುತ್ತದೆ. ಆಗ ಕ್ಯಾಲ್ಸಿಯಂ ತಗ್ಗಿದರೂ ಬಿಗಿತ ಉಳಿಯಬಲ್ಲದು.

ಮಿದುಳಿನ ಪೊರೆಗಳ ನಡುವೆ ರಕ್ತಸ್ರಾವವಾದ ಬಳಿಕ ನಾಳಗಳು ಹೀಗೆ ಸೆಟೆದರೆ ಪ್ರಾಣಕ್ಕೇ ಕುತ್ತು. ಇದಕ್ಕೆಂದು ಜಪಾನ್ 1995ರಲ್ಲಿ ಫಾಸುಡಿಲ್ ಔಷಧಕ್ಕೆ ಅನುಮತಿ ನೀಡಿತು. ಅದರ ಮುಖ್ಯ ಗುರಿ ರೋ ಕೈನೇಸ್ ಎಂಬುದು ಸ್ಪಷ್ಟವಾದದ್ದು ಅನಂತರ. ಆ ತಿಳಿವಿನ ಫಲವಾಗಿಯೇ ಅದೇ ಕುಲದ ರಿಪಾಸುಡಿಲ್ 2014ರಲ್ಲಿ ಗ್ಲಾಕೋಮಾ ರೋಗಿಗಳಿಗೆ ಕಣ್ಣಿನ ಹನಿಯಾಗಿ ದೊರೆಯಿತು.

ಮೂಲವಿಜ್ಞಾನಕ್ಕೆ ಹಣವೇಕೆ ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಕಾರಣ ತಿಳಿಯದೆಯೂ ಒಂದು ಔಷಧ ಸಿಕ್ಕೀತು, ಮುಂದಿನದಕ್ಕೆ ಕಾರಣವೇ ದಾರಿ.