ವೈದ್ಯ ಪರೀಕ್ಷೆಯೂ ಸಂಖ್ಯಾಶಾಸ್ತ್ರವೂ

ಯಲಹಂಕದ ನೆರೆಯ ಅಟ್ಟೂರಿನಂತಹ ಸ್ಥಳಗಳಲ್ಲಿಯೂ, ಮಕ್ಕಳನ್ನು ವೈದ್ಯವಿದ್ಯೆಗಾಗಿ ಪರದೇಶಕ್ಕೆ ಕಳುಹಿಸಿದ ಗೃಹಸ್ಥರು ಈಗ ಅಪರೂಪವಲ್ಲ. ಆದರೆ ಪದವಿ ಕೈಸೇರಿದ ಮಾತ್ರಕ್ಕೆ ಆ ಮಕ್ಕಳು ಇಲ್ಲಿ ರೋಗಿಯ ನಾಡಿ ಹಿಡಿಯುವಂತಿಲ್ಲ. ಅವರಲ್ಲಿ ಬಹುತೇಕರು, 2002ರಿಂದ ನಡೆದುಬಂದಿರುವ ವಿದೇಶೀ ವೈದ್ಯ ಪದವೀಧರರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪ್ರಶ್ನೆಗಳು 300; ಗೆಲ್ಲಲು 150 ಅಂಕಗಳು ಬೇಕು. ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಸೋಲುವುದೇ ಸಾಮಾನ್ಯವಾಗಿದೆ. ಆರು ವರ್ಷಗಳ ವ್ಯಯವೂ ಶ್ರಮವೂ ಈ ಒಂದು ದಿನವನ್ನು ನೆಚ್ಚಿಕೊಂಡಿರುತ್ತವೆ.

ಇಂತಹ ಪರೀಕ್ಷೆಗೆ ಅಣಿಯಾಗುವವರು ಸಂಖ್ಯಾಶಾಸ್ತ್ರವನ್ನು ಓದಬೇಕೇ, ಬಿಡಬೇಕೇ? ಬಿಡಬಹುದೆನ್ನುವವರ ವಾದ ಸುಲಭವಾದುದು. ಸಮುದಾಯ ವೈದ್ಯಶಾಸ್ತ್ರಕ್ಕೆ ಸಲ್ಲುವುದೇ 30 ಪ್ರಶ್ನೆಗಳು. ಸಂಖ್ಯಾಶಾಸ್ತ್ರವು ಅದರಲ್ಲೊಂದು ತುಣುಕು. ಲೆಕ್ಕವೆಂದರೆ ಅಂಜುವವನು ಅಷ್ಟಕ್ಕಾಗಿ ತಲೆ ಕೆಡಿಸಿಕೊಳ್ಳುವುದೇಕೆ?

ವಾದವು ಪೂರ್ತಿ ಸುಳ್ಳಲ್ಲ. ಕಾಯಚಿಕಿತ್ಸೆ, ಶಸ್ತ್ರಚಿಕಿತ್ಸೆ, ಪ್ರಸೂತಿಶಾಸ್ತ್ರಗಳು ಇನ್ನೂ ಹಸಿಯಾಗಿರುವಾಗ ಲೆಕ್ಕದ ಪುಸ್ತಕ ಹಿಡಿದು ಕೂರುವುದು ವಿವೇಕವಲ್ಲ. ಆದರೆ ಆ ಶಾಸ್ತ್ರಗಳು ಸಮುದ್ರದಂತೆ. ಒಂದು ವಾರ ಈಜಿದರೂ ದಡ ಕಾಣದು. ಇದಾದರೋ ಮನೆಯ ಹಿತ್ತಲ ಬಾವಿಯಷ್ಟು. ಕೆಲವೇ ದಿನಗಳಲ್ಲಿ ಮುಖ್ಯಾಂಶಗಳು ಕೈವಶವಾಗುತ್ತವೆ, ಒಮ್ಮೆ ತಿಳಿದರೆ ಮರೆಯುವುದೂ ಕಡಮೆ. 148 ಅಂಕ ಪಡೆದು ಸೋತವನಿಗೆ ಎರಡು ಅಂಕದ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಅಂಕಗಳ ಮಾತು ಒತ್ತಟ್ಟಿಗಿರಲಿ. ರೋಗಿಯ ಹಿತವನ್ನು ನೋಡೋಣ. ಸಾವಿರ ಮಂದಿಯಲ್ಲಿ ಹತ್ತು ಮಂದಿಗೆ ಒಂದು ರೋಗವಿದೆಯೆನ್ನಿ. ನೂರು ರೋಗಿಗಳಲ್ಲಿ 90 ಮಂದಿಯನ್ನು ಗುರುತಿಸಿ, ನೂರು ನಿರೋಗಿಗಳಲ್ಲಿ 90 ಮಂದಿಯನ್ನು ಸರಿಯಾಗಿ ಬಿಟ್ಟುಕೊಡುವ ರಕ್ತಪರೀಕ್ಷೆಯೊಂದಿದೆ. ಅದು ಹತ್ತು ರೋಗಿಗಳಲ್ಲಿ 9 ಮಂದಿಯನ್ನು ಹಿಡಿಯುತ್ತದೆ. 990 ನಿರೋಗಿಗಳಲ್ಲಿ 99 ಮಂದಿಗೂ ರೋಗವಿದೆಯೆಂದು ಹೇಳಿಬಿಡುತ್ತದೆ. ಹೀಗೆ ರೋಗವಿದೆಯೆನಿಸಿಕೊಂಡ 108 ಮಂದಿಯಲ್ಲಿ ನಿಜವಾದ ರೋಗಿಗಳು 9, ಎಂದರೆ ಹನ್ನೆರಡರಲ್ಲಿ ಒಬ್ಬರು! ಈ ಲೆಕ್ಕವನ್ನರಿಯದ ವೈದ್ಯನು ಉಳಿದ ಹನ್ನೊಂದು ಮನೆಗಳಲ್ಲಿ ವೃಥಾ ಗೋಳೆಬ್ಬಿಸುವನು.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದರು. ಹಳ್ಳಿಗರು ರೋಗವನ್ನು ಅಲಕ್ಷಿಸುತ್ತಾರೆಂಬುದು ಅಂದಿನ ನಂಬಿಕೆ. ಎಣಿಸಿ ನೋಡಿದರೆ, ಕ್ಷಯದ ಲಕ್ಷಣವಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆಯನ್ನರಸಿ ಹೋಗಿದ್ದರು! ರೋಗಿಯನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ, ಬಂದವನ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಪರೀಕ್ಷಿಸುವುದು ಮೇಲೆಂಬ ನೀತಿಗೆ ಇಂತಹ ಎಣಿಕೆಗಳು ಆಧಾರವಾದುವು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಓದತಕ್ಕದ್ದು, ಆದರೆ ಮಿತವಾಗಿ. ಸರಾಸರಿ ಮತ್ತು ಮಧ್ಯಾಂಕ, ಹೊಸ ರೋಗಿಗಳ ಪ್ರಮಾಣಕ್ಕೂ ಇರುವ ರೋಗಿಗಳ ಪ್ರಮಾಣಕ್ಕೂ ಇರುವ ಭೇದ, ಮೇಲೆ ಹೇಳಿದ ಪರೀಕ್ಷೆಗಳ ಲೆಕ್ಕ, ಅಪಾಯಗಳ ಹೋಲಿಕೆ, ಇವಿಷ್ಟು ಸಾಕು. ಸೂತ್ರಗಳ ಮೂಲವನ್ನು ಕೆದಕುವ ಕೆಲಸವನ್ನು ಪಂಡಿತರಿಗೆ ಬಿಡಬಹುದು. ತಪ್ಪುತ್ತರಕ್ಕೆ ಅಂಕ ಕಳೆಯುವ ಪದ್ಧತಿ ಈ ಪರೀಕ್ಷೆಯಲ್ಲಿಲ್ಲವಾದ ಕಾರಣ, ಲೆಕ್ಕದ ಪ್ರಶ್ನೆಯನ್ನು ಹೆದರಿ ಖಾಲಿ ಬಿಡುವುದಂತೂ ಸಲ್ಲದು.

ಹನಿಗೂಡಿದರೆ ಹಳ್ಳವೆಂಬುದು ಹಿರಿಯರ ಮಾತು. ತಾಯಿತಂದೆಗಳು ಮಕ್ಕಳಿಗೆ ಇದನ್ನು ಬಲಾತ್ಕಾರವಾಗಿಯಲ್ಲ, ಸಮಾಧಾನದಿಂದ ತಿಳಿಯಹೇಳಲಿ.